ಲಿಂಬೆ ಪಟ್ಟಿಯ ಲೆಕ್ಕಕ್ಕೆ ಫೋನಿನಲ್ಲೇ ನಾಲ್ಕು ಫಾರ್ಮುಲಾ

ನಮ್ಮ ಝಳಕಿ ಸೊಲ್ಲಾಪುರ–ವಿಜಯಪುರ ಹೆದ್ದಾರಿ ಮೇಲಿದೆ. ಲಿಂಬೆ ಚೀಲ ತುಂಬಿದ ಮೇಲೆ ಗಾಡಿ ಮೂರು ಕಡೆ ಹೋಗಬಹುದು: ಇಂಡಿಗೆ, ವಿಜಯಪುರಕ್ಕೆ, ಇಲ್ಲಾ ಗಡಿ ದಾಟಿ ಸೊಲ್ಲಾಪುರಕ್ಕೆ. ಎಲ್ಲಿಗೆ ಕಳಿಸೋದು ಅನ್ನೋದನ್ನ ಬಹಳ ಜನ ವಾಟ್ಸಾಪಿನಲ್ಲಿ ಬಂದ ರೇಟು ನೋಡಿ ತೀರ್ಮಾನ ಮಾಡ್ತಾರೆ. ಆದರೆ ಆ ರೇಟು ಕೈಗೆ ಬರೋ ರೊಕ್ಕ ಅಲ್ಲ. ಇಂಡಿ ಲಿಂಬೆಗೆ ಈಗ ಜಿಐ ಟ್ಯಾಗ್ ಇದೆ, ಹೆಸರೂ ಇದೆ. ನಮ್ಮ ಕೈಗೆ ಎಷ್ಟು ಉಳೀತು ಅನ್ನೋ ಲೆಕ್ಕ ಮಾತ್ರ ನಾವೇ ಇಟ್ಕೋಬೇಕು.

ಇದಕ್ಕೆ ಕಂಪ್ಯೂಟರ್ ಬೇಡ, ಕೋಡಿಂಗ್ ಕಲಿಯೋದೂ ಬೇಡ. ಫೋನಿನಲ್ಲಿ ಗೂಗಲ್ ಶೀಟ್ಸ್ ಆ್ಯಪ್ ಹಾಕ್ಕೊಳ್ರಿ, ಅದು ಉಚಿತ. ಹೊಸ ಶೀಟ್ ತೆಗೆದು ಮೊದಲ ಸಾಲಿನಲ್ಲಿ ಹೀಗೆ ಬರೀರಿ: ಎ ಕಾಲಂನಲ್ಲಿ ದಿನಾಂಕ, ಬಿ ಮಾರುಕಟ್ಟೆ, ಸಿ ಹಣ್ಣಿನ ಸಂಖ್ಯೆ, ಡಿ ಪಟ್ಟಿಯ ಒಟ್ಟು ಮೊತ್ತ, ಇ ಪಟ್ಟಿಯಲ್ಲಿನ ಕಡಿತ, ಎಫ್ ಗಾಡಿ ಬಾಡಿಗೆ, ಜಿ ಹಣ್ಣು ಆಯೋ ಕೂಲಿ ಮತ್ತು ಚೀಲದ ಖರ್ಚು. ಮನೆಯವರೇ ಆಯ್ದಿದ್ದರೂ ಕೂಲಿ ಹಾಕ್ರಿ. ಅವ್ವ, ಅಕ್ಕನ ದುಡಿಮೆ ಪುಕ್ಕಟೆ ಅಲ್ಲ.

ಈಗ ಎಚ್ ಕಾಲಂನ ಎರಡನೇ ಸಾಲಿನಲ್ಲಿ ಇದನ್ನ ಹಾಕ್ರಿ:

=ಡಿ2-ಇ2-ಎಫ್2-ಜಿ2

ನಾನು ಇಲ್ಲಿ ಕನ್ನಡದಲ್ಲಿ ಬರೆದೀನಿ. ನೀವು ಕಾಲಂ ಹೆಸರು, ಫಾರ್ಮುಲಾ ಹೆಸರು ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇದು ಕೈಗೆ ಉಳಿದ ಹಣ. ಮುಂದಿನ ಐ ಕಾಲಂನಲ್ಲಿ ಸಾವಿರ ಹಣ್ಣಿಗೆ ಎಷ್ಟು ಉಳೀತು ಅನ್ನೋದು:

=ಇಫ್(ಸಿ2="","",ಎಚ್2/ಸಿ2*1000)

ಇಫ್ ಯಾಕೆ ಅಂದ್ರೆ, ಸಿ ಖಾಲಿ ಇದ್ದರೆ ಸೊನ್ನೆಯಿಂದ ಭಾಗಿಸಿದಂಗಾಗಿ ಎರರ್ ಬರ್ತದೆ. ಆ ಸಾಲು ಖಾಲಿ ಬಿಡು ಅಂತ ಇಫ್ ಹೇಳ್ತದೆ. ಎರಡೂ ಮನೆಗಳನ್ನ ಕಾಪಿ ಮಾಡಿ ಕೆಳಗಿನ ಸಾಲುಗಳಿಗೆ ಪೇಸ್ಟ್ ಮಾಡಿದರೆ ಸಾಲಿನ ಅಂಕಿ ತಾನೇ ಬದಲಾಗ್ತದೆ.

ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಇವತ್ತಿನ ರೇಟಲ್ಲ. 5000 ಹಣ್ಣು. ಹತ್ತಿರದ ಪೇಟೆಯಲ್ಲಿ ಸಾವಿರಕ್ಕೆ 900, ಅಂದರೆ ಪಟ್ಟಿ 4500. ಕಡಿತ 180, ಬಾಡಿಗೆ 150, ಕೂಲಿ–ಚೀಲ 900. ಉಳಿದದ್ದು 3270, ಸಾವಿರಕ್ಕೆ 654. ದೂರದ ಪೇಟೆಯಲ್ಲಿ ಸಾವಿರಕ್ಕೆ 1000, ಪಟ್ಟಿ 5000. ಕಡಿತ 350, ಬಾಡಿಗೆ 550, ಕೂಲಿ–ಚೀಲ ಅದೇ 900. ಉಳಿದದ್ದು 3200, ಸಾವಿರಕ್ಕೆ 640. ರೇಟು ನೂರು ಹೆಚ್ಚು, ಕೈಗೆ 14 ಕಡಿಮೆ!

ಹಂಗಂತ ದೂರದ ಪೇಟೆ ಯಾವಾಗಲೂ ಲುಕ್ಸಾನಲ್ಲ. ಅದೇ ರೇಟಿಗೆ 20,000 ಹಣ್ಣು ಒಂದೇ ಗಾಡಿಯಲ್ಲಿ ಹೋಗಿ ಬಾಡಿಗೆ 1200 ಆಯ್ತು ಅನ್ಕೊಳ್ರಿ. 20,000 ರೂಪಾಯಿ ಪಟ್ಟಿಯಲ್ಲಿ ಕಡಿತ 1400, ಕೂಲಿ–ಚೀಲ 3600 ಹೋದರೆ 13,800 ಉಳೀತದೆ, ಸಾವಿರಕ್ಕೆ 690. ಪಕ್ಕದ ತೋಟದವರ ಜತೆ ಸೇರಿ ಗಾಡಿ ತುಂಬಿಸಿದರೆ ಲೆಕ್ಕ ತಿರುಗಿತು. ಗಾಡಿ ತುಂಬದಿದ್ದರೆ ಹತ್ತಿರದ ಪೇಟೆಯೇ ಲೇಸು.

ಮಳೆಗಾಲದಲ್ಲಿ ರೇಟು ಬಿದ್ದಾಗ ಇನ್ನೊಂದು ಫಾರ್ಮುಲಾ ಬೇಕಾಗ್ತದೆ. ಇದನ್ನ ಜೆ ಕಾಲಂನಲ್ಲಿ ಹಾಕ್ರಿ:

=(ಇ2+ಎಫ್2+ಜಿ2)/ಸಿ2*1000

ಮೇಲಿನ ಹತ್ತಿರದ ಪೇಟೆಯ ಉದಾಹರಣೆಗೆ ಉತ್ತರ 246. ಅಂದರೆ ಸಾವಿರಕ್ಕೆ ಸುಮಾರು ಅಷ್ಟಕ್ಕಿಂತ ಕೆಳಗೆ ಕೇಳಿದರೆ ಹಣ್ಣು ಆಯ್ದು ಕಳಿಸೋದೇ ಕೈಯಿಂದ ಕೊಟ್ಟಂಗೆ. ಆಗ ಉಪ್ಪಿನಕಾಯಿ ಮಾಡೋರನ್ನ ಕೇಳೋದು, ಇಲ್ಲಾ ಒಣಗಿಸೋದು ವಾಸಿ. ಗೊಬ್ಬರ, ನೀರು, ಕರೆಂಟಿನ ಖರ್ಚು ಇದರಲ್ಲಿ ಸೇರಿಲ್ಲ ಅನ್ನೋದು ನೆನಪಿರಲಿ.

ಹಂಗಾಮು ಮುಗಿದ ಮೇಲೆ ಯಾವ ಪೇಟೆ ಹೆಚ್ಚು ಕೊಟ್ಟಿತು ಅಂತ ನೋಡೋಕೆ ಐ ಕಾಲಂನ ಸರಾಸರಿ ತೆಗೀಬ್ಯಾಡ್ರಿ. ಎರಡು ಚೀಲದ ಪಟ್ಟಿಗೂ ಇಪ್ಪತ್ತು ಚೀಲದ ಪಟ್ಟಿಗೂ ಅದು ಒಂದೇ ತೂಕ ಕೊಡ್ತದೆ. ಒಟ್ಟು ಹಣವನ್ನ ಒಟ್ಟು ಹಣ್ಣಿನಿಂದ ಭಾಗಿಸ್ರಿ:

=ಸಮ್‌ಇಫ್(ಬಿ:ಬಿ,"ಸೊ",ಎಚ್:ಎಚ್)/ಸಮ್‌ಇಫ್(ಬಿ:ಬಿ,"ಸೊ",ಸಿ:ಸಿ)*1000

ಇದನ್ನ ಎಲ್ ಕಾಲಂನಂಥ ಖಾಲಿ ಜಾಗದಲ್ಲಿ ಹಾಕ್ರಿ. ಬಿ, ಸಿ, ಎಚ್ ಒಳಗೇ ಹಾಕಿದರೆ ತನ್ನನ್ನೇ ತಾನು ಎಣಿಸೋಕೆ ಹೋಗಿ ಎರರ್ ಕೊಡ್ತದೆ. ಇಲ್ಲಿ "ಸೊ" ಅಂದರೆ ಸೊಲ್ಲಾಪುರ. ಇದನ್ನ ಮಾತ್ರ ಕನ್ನಡದಲ್ಲೇ ಬರೀರಿ. ಇಂಡಿಗೆ "ಇಂ", ವಿಜಯಪುರಕ್ಕೆ "ವಿ". ಪೂರ್ತಿ ಹೆಸರು ಬರೆದರೆ ಒಮ್ಮೆ ಸೊಲ್ಲಾಪುರ, ಒಮ್ಮೆ ಸೋಲಾಪುರ ಆಗ್ತದೆ, ಶೀಟ್ಸ್ ಅದನ್ನ ಎರಡು ಊರು ಅಂತ ತಿಳೀತದೆ. ಹಂಗೇ ಮೊತ್ತದ ಮುಂದೆ "ರೂ" ಅಂತ ಬರೀಬ್ಯಾಡ್ರಿ. "4500 ರೂ" ಅಂತ ಹಾಕಿದರೆ ಅದು ಅಂಕಿಯಾಗಿ ಉಳಿಯಲ್ಲ, ಬರೀ ಅಕ್ಷರ.

ಇದೇ ಶೀಟಿನ ಇನ್ನೊಂದು ಪುಟದಲ್ಲಿ ಡ್ರಿಪ್ ಲೆಕ್ಕನೂ ಇಡಬಹುದು. ಎ2 ಗಿಡಕ್ಕೆ ಬೇಕಾದ ಲೀಟರ್, ಬಿ2 ಗಿಡಕ್ಕಿರೋ ಡ್ರಿಪ್ಪರ್, ಸಿ2 ಒಂದು ಡ್ರಿಪ್ಪರ್ ಗಂಟೆಗೆ ಬಿಡೋ ಲೀಟರ್. =ಎ2/(ಬಿ2*ಸಿ2)*60 ಅಂದರೆ ಎಷ್ಟು ನಿಮಿಷ ಬಿಡಬೇಕು ಅಂತ ಬರ್ತದೆ. 60 ಲೀಟರ್, 4 ಡ್ರಿಪ್ಪರ್, ಗಂಟೆಗೆ 4 ಲೀಟರ್ ಆದರೆ 225 ನಿಮಿಷ. ಡ್ರಿಪ್ಪರ್ ಮೇಲೆ ಬರೆದ ಅಂಕಿ ನಂಬಬ್ಯಾಡ್ರಿ, ಬೋರ್‌ವೆಲ್ಲಿನ ಗಡಸು ನೀರಿಗೆ ಅರ್ಧ ಕಟ್ಟಿರ್ತದೆ. ಆರು ನಿಮಿಷ ಕೆಳಗೆ ಪಾತ್ರೆ ಇಟ್ಟು ಬಂದ ನೀರನ್ನ ಅಳೆದು ಹತ್ತರಿಂದ ಗುಣಿಸ್ರಿ, ಅದೇ ಗಂಟೆಯ ಲೀಟರ್.

ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಶೀಟಿನ ಮೆನುವಿನಲ್ಲಿ ಆಫ್‌ಲೈನ್ ಆನ್ ಮಾಡಿಟ್ಕೊಳ್ರಿ. ಗೆಳೆಯರಿಗೆ ಕಳಿಸುವಾಗ ನೋಡೋಕೆ ಮಾತ್ರ ಅನುಮತಿ ಕೊಡ್ರಿ. ಬೇಕಾದವರು ಕಾಪಿ ಮಾಡ್ಕೊಂಡು ತಮ್ಮ ಅಂಕಿ ತುಂಬಿಕೊಳ್ಳಲಿ.