ಹೊಂಡಕ್ಕೆ ಸುರಿದ ಮೈಲುತುತ್ತ

ಔರಾದ್ ತಾಲ್ಲೂಕಿನ ನಮ್ಮ ಹೊಲದ ಬದುವಿಗೆ ಒಂದು ಹೊಂಡವಿದೆ. ನಮ್ಮ ದೇವಣಿ ದನಗಳು ನೀರು ಕುಡಿಯುತ್ತಿದ್ದುದು ಅಲ್ಲೇ. ಒಂದು ಮಳೆಗಾಲ ಕಳೆದ ಮೇಲೆ ಎರಡು ಆಕಳು ಸೊರಗಿದವು, ದವಡೆಯ ಕೆಳಗೆ ನೀರು ತುಂಬಿದಂತೆ ಬಾವು ಬಂತು. ಭಾಲ್ಕಿಯ ಪಶುವೈದ್ಯರು ಸಗಣಿ ಪರೀಕ್ಷಿಸಿ, "ಪಿತ್ತಜನಕಾಂಗದ ಚಪ್ಪಟೆ ಹುಳ. ಇದರ ಮರಿ ಬೆಳೆಯೋದು ನೀರಿನ ಬಸವನಹುಳದ ಮೈಯಾಗ" ಎಂದು ಔಷಧಿ ಕೊಟ್ಟರು.

ಬೇರಿಗೇ ಕೊಡಲಿ ಹಾಕುವ ಆತುರ ನನಗೆ. ಯಾರನ್ನೂ ಕೇಳದೆ, ಅಳತೆ ನೋಡದೆ, ಬಸವನಹುಳ ಕೊಲ್ಲಲೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ತಂದು ಹೊಂಡಕ್ಕೆ ಸುರಿದೆ.

ಮರುದಿನ ಬೆಳಿಗ್ಗೆ ದಡದುದ್ದಕ್ಕೂ ಬಸವನಹುಳಗಳು ಬಿದ್ದಿದ್ದವು. ಚಿಪ್ಪಿನಿಂದ ಅರ್ಧ ಹೊರಬಂದ ಮೈ, ಸುತ್ತ ಬಿಳಿ ಲೋಳೆ. ಪಕ್ಕದಲ್ಲೇ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವುಗಳ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ.

ವೈದ್ಯರು ಬೇಸರದಿಂದಲೇ ವಿವರಿಸಿದರು. ಈ ಬಸವನಹುಳದ ರಕ್ತದಲ್ಲಿ ಆಮ್ಲಜನಕ ಹೊರುವುದೇ ತಾಮ್ರ. ಆದರೆ ನೀರಿನಲ್ಲಿ ತಾಮ್ರ ಮಿತಿ ಮೀರಿದರೆ ಅದರ ಮೈ ಉಪ್ಪಿನಂಶ ಹಿಡಿದಿಡಲಾರದು. ತಾಮ್ರದಂತೆ ಸೀಸವೂ ಕೇಡೇ: ಅದು ನೀರಿಗೆ ಸೇರಿದರೆ ಬಸವನಹುಳ ಸುಣ್ಣದಂಶ ಹೀರಲಾರದು, ಮರಿಗಳ ಬೆಳವಣಿಗೆ ನಿಲ್ಲುತ್ತದೆ. ನಮ್ಮ ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೂ ಹೀಗಾಗಬಹುದು. ಲೋಹ ಕೊಳೆಯುವುದಿಲ್ಲ, ತಳದ ಕೆಸರಿಗಿಳಿದು ಕೂರುತ್ತದೆ. ಕುರಿಗಳಿಗಂತೂ ಹೆಚ್ಚಿನ ತಾಮ್ರ ಪ್ರಾಣಕ್ಕೇ ಕುತ್ತು.

ಆ ವರ್ಷವೇ ಬೀದರ್‌ನಲ್ಲಿ ಬಿದರಿ ಕೆಲಸ ನೋಡಿದೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಕುಶಲಕರ್ಮಿ ಮೈಲುತುತ್ತದ ನೀರು ಸವರಿದರು. ಮೈ ಕಪ್ಪಾಯಿತು. ಆ ಕಪ್ಪಿನ ಮೇಲೆ ಅವರು ಗೀರಿದ ಹೂಬಳ್ಳಿ ಹೊಳೆಯಿತು. ಚಿತ್ರ ಮೂಡಿಸಲು ಒಂದು ಬಟ್ಟೆ ತೋಯುವಷ್ಟು ನೀರು ಸಾಕಾಗಿತ್ತು. ನಾನು ಸುರಿದದ್ದು ನೆನಪಾಗಿ ನಾಚಿಕೆಯಾಯಿತು.

ಮುಂದಿನ ಮಳೆಗೆ ಹಳ್ಳದ ನೀರಿನೊಡನೆ ಬಸವನಹುಳ ಮತ್ತೆ ಬಂತು. ಈಗ ಹೊಂಡದ ಸುತ್ತ ಮುಳ್ಳುಬೇಲಿ ಹಾಕಿದ್ದೇವೆ. ದನಗಳಿಗೆ ಬಾವಿಯ ನೀರು ತುಂಬಿದ ಸಿಮೆಂಟಿನ ತೊಟ್ಟಿ. ವೈದ್ಯರು ಹೇಳಿದಂತೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಜಂತಿನ ಔಷಧಿ. ಸೀಸ ಇರಬಹುದೆಂದು ಹಳೆಯ ಬ್ಯಾಟರಿ, ಬಣ್ಣದ ಡಬ್ಬಿ, ಬಣ್ಣ ಬಳಿದ ಗಣಪತಿ ಯಾವುದನ್ನೂ ಆ ನೀರಿಗೆ ಬಿಡುವುದಿಲ್ಲ.

ರೈತ ಬಂಧುಗಳೇ, ಮೈಲುತುತ್ತದ ಚೀಲ ಬಿಚ್ಚುವ ಮುನ್ನ ಪಶುವೈದ್ಯರನ್ನು ಕೇಳಿ. ಸುರಿಯಲು ನನಗೆ ಹಿಡಿದದ್ದು ಕಾಲು ಗಂಟೆ. ಕೆಸರಿಗಿಳಿದ ಆ ತಾಮ್ರವನ್ನು ಮರಳಿ ತೆಗೆಯುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.