ಜಾಲ ಕಡಿದುದು ಎಲ್ಲಿ?

ವಿದ್ಯಾರ್ಥಿವೇತನದ ಅರ್ಜಿಗೆ ಅದು ಕೊನೆಯ ಸಂಜೆ. ಅರ್ಜಿಗೆ ಬೇಕಾದ ಕಾಗದಪತ್ರಗಳೆಲ್ಲ ನಮ್ಮ ಪ್ರಯೋಗಶಾಲೆಯ ಗಣಕಯಂತ್ರದಲ್ಲಿದ್ದುವು; ಆದರೆ ಅರ್ಜಿಯ ಪುಟವೇ ತೆರೆಯಲೊಲ್ಲದು. “ನೆಟ್ ಇಲ್ಲ ಸಾರ್” ಎಂದು ನಿಶ್ಚಯಿಸಿದ ವಿದ್ಯಾರ್ಥಿ ರೂಟರನ್ನು ಎರಡು ಬಾರಿ ಆರಿಸಿ ಹಾಕಿದ್ದ, ಬ್ರೌಸರನ್ನು ತೆಗೆದುಹಾಕಿ ಮತ್ತೆ ಸ್ಥಾಪಿಸಿದ್ದ. ಒಂದು ಗಂಟೆ ಕಳೆದರೂ ದೋಷ ಇದ್ದಲ್ಲಿಯೇ ಇತ್ತು. ಅದನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಈಗ ವಿಚಾರಿಸೋಣ.

ಬ್ರೌಸರಿನ ಬೇಡಿಕೆ ಒಂದೇ ನೆಗೆತಕ್ಕೆ ದೂರದ ಸರ್ವರನ್ನು ಮುಟ್ಟುವುದಿಲ್ಲ. ಅದು ಗಣಕದಿಂದ ರೂಟರಿಗೆ, ರೂಟರಿನಿಂದ ಸೇವೆ ಒದಗಿಸುವ ಕಂಪೆನಿಯ ಜಾಲಕ್ಕೆ, ಅಲ್ಲಿಂದ ಹೊರಗಿನ ಜಾಲಗಳಿಗೆ ಸಾಗಬೇಕು. ವಿದ್ಯುನ್ಮಂಡಲದಲ್ಲಿ ದೀಪ ಉರಿಯದಿದ್ದರೆ ನಾವು ತಂತಿಗಳನ್ನೆಲ್ಲ ಒಮ್ಮೆಗೇ ಬದಲಾಯಿಸುವುದಿಲ್ಲ. ವೋಲ್ಟ್‌ಮೀಟರ್ ಹಿಡಿದು ಬಿಂದುವಿನಿಂದ ಬಿಂದುವಿಗೆ ಪರೀಕ್ಷಿಸುತ್ತೇವೆ. ಇಲ್ಲಿ ಆ ಕೆಲಸಕ್ಕೆ ಒದಗುವುದು ‘ಪಿಂಗ್’ ಎಂಬ ಆಜ್ಞೆ. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಇದನ್ನು ರಚಿಸಿದರು. ಸೋನಾರ್ ಯಂತ್ರ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಗೆ ಕಾಯುವಂತೆ, ಇದು ಚಿಕ್ಕ ಸಂದೇಶವನ್ನು ಕಳುಹಿಸಿ, ಉತ್ತರ ಬರಲು ಹಿಡಿದ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ತಿಳಿಸುತ್ತದೆ.

ಮೊದಲನೆಯ ಪರೀಕ್ಷೆ ರೂಟರಿನವರೆಗೆ. ಅನೇಕ ಮನೆಗಳಲ್ಲಿ ಅದರ ವಿಳಾಸ 192.168.1.1 ಎಂದಿರುತ್ತದೆ. ಉತ್ತರ ಬಾರದೆ, ಗಣಕದ ಸ್ವಂತ ವಿಳಾಸವೂ 169.254 ಎಂದು ಮೊದಲಾಗಿದ್ದರೆ, ಅದಕ್ಕೆ ರೂಟರಿನಿಂದ ವಿಳಾಸ ದೊರೆತಿಲ್ಲವೆಂದು ಅರ್ಥ. ತೊಡಕು ಮನೆಯೊಳಗೇ ಇದೆ.

ಎರಡನೆಯದು ಹೊರಗಿನ ದಾರಿಗೆ. ಗೂಗಲ್ ಸಂಸ್ಥೆಯ 8.8.8.8 ಎಂಬ ವಿಳಾಸದಿಂದ ಉತ್ತರ ಬಂದರೆ ಹೊರದಾರಿ ತೆರೆದಿದೆ. ಆದರೆ ಕೆಲವು ಜಾಲಗಳು ಪಿಂಗನ್ನು ತಡೆಯುವುದುಂಟು. ಆದುದರಿಂದ ಉತ್ತರ ಬಂದರೆ ಅದು ಪ್ರಮಾಣ. ಬಾರದಿದ್ದರೆ ಅದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು.

ಮೂರನೆಯದು ಹೆಸರಿನ ಪರೀಕ್ಷೆ. ನಾವು ಹೆಸರನ್ನು ಬರೆಯುತ್ತೇವೆ. ಜಾಲಕ್ಕೆ ಬೇಕಾದುದು ಸಂಖ್ಯೆ. ಹೆಸರನ್ನು ಸಂಖ್ಯೆಯಾಗಿ ತಿಳಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಸಂಖ್ಯೆಗೆ ಉತ್ತರ ಬಂದು, ಹೆಸರಿಗೆ ಸಂಖ್ಯೆಯೇ ದೊರೆಯದಿದ್ದರೆ ದೋಷ ಇಲ್ಲಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್‌ಗಳು ಸುಮಾರು ಆರು ಗಂಟೆ ಕಾಲ ಕಾಣೆಯಾದಾಗ, ಆ ಕಂಪೆನಿಯ ಡಿಎನ್‌ಎಸ್ ಸರ್ವರುಗಳನ್ನು ತಲಪುವ ದಾರಿಯೇ ಜಾಲದಿಂದ ಅಳಿಸಿಹೋಗಿತ್ತು. ಅಂದು ಬಳಕೆದಾರರು ತಮ್ಮ ರೂಟರುಗಳನ್ನು ಎಷ್ಟು ಬಾರಿ ಆರಿಸಿ ಹಾಕಿದರೂ ಫಲವಿರಲಿಲ್ಲ.

ನಮ್ಮ ಗಣಕ ಈ ಮೂರು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಯಿತು. ಅಂದಮೇಲೆ ಜಾಲ ನಿರ್ದೋಷಿ, ತಪ್ಪು ಯಂತ್ರದ್ದು. ತೆರೆಯ ಮೂಲೆಯನ್ನು ನೋಡಿದೆವು: ಅಲ್ಲಿ ಇಸವಿ 2015 ಎಂದಿತ್ತು! ವಿದ್ಯುತ್ತಿಲ್ಲದಾಗ ಗಡಿಯಾರವನ್ನು ನಡೆಸುವ ಗುಂಡಿಯಾಕಾರದ ಚಿಕ್ಕ ಬ್ಯಾಟರಿ ಮುಗಿದುಹೋಗಿತ್ತು. ಸುರಕ್ಷಿತ ಪುಟವು ಬ್ರೌಸರಿಗೆ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಅದರಲ್ಲಿ ಆರಂಭದ ಮತ್ತು ಮುಕ್ತಾಯದ ದಿನಗಳಿರುತ್ತವೆ. 2015ರಲ್ಲಿಯೇ ನಿಂತಿದ್ದ ಯಂತ್ರದ ದೃಷ್ಟಿಯಲ್ಲಿ ಆ ಪತ್ರದ ಅವಧಿ ಇನ್ನೂ ಮೊದಲಾಗಿಯೇ ಇರಲಿಲ್ಲ. ಬ್ರೌಸರು ಅದನ್ನು ನಂಬದೆ ಬಾಗಿಲು ಮುಚ್ಚಿತ್ತು. ದಿನಾಂಕವನ್ನು ತಿದ್ದಿದೆವು, ಪುಟ ತೆರೆಯಿತು, ಅರ್ಜಿ ಹೋಯಿತು.

ಅದೇ ವೈಫೈಗೆ ಸೇರಿಸಿದ ಫೋನಿನಲ್ಲಿ ಪುಟ ತೆರೆಯುವುದೇ ಎಂದು ಮೊದಲೇ ನೋಡಿದ್ದರೆ, ರೂಟರನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಫಲವನ್ನು ನೋಡಬೇಕೆಂಬ ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ಓದುಗರು ತಮ್ಮ ಜಾಲ ಸರಿಯಾಗಿರುವಾಗಲೇ ಈ ಮೂರು ಪರೀಕ್ಷೆಗಳನ್ನು ಮಾಡಿ, ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳಲಿ. ಆರೋಗ್ಯವಂತನ ನಾಡಿಯನ್ನು ಅರಿಯದವನಿಗೆ ರೋಗಿಯ ನಾಡಿ ಏನನ್ನೂ ಹೇಳದು.