ಹಲವರು ಹೊತ್ತ ಹೊರೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ. ಇದು ಕಡಲ ತೀರದ ಮಂಗಳೂರಲ್ಲ. ಮಳೆಯನ್ನೇ ನಂಬಿ ಬೇಸಾಯ ಮಾಡುವ ಬಯಲುಸೀಮೆಯದು. ಇಂತಹ ಊರುಗಳಲ್ಲಿ ದುಡಿಯುವ ಆಳು ಹಾಸಿಗೆ ಹಿಡಿದರೆ ಮನೆಗೆ ಎರಡು ಬಗೆಯ ನಷ್ಟವುಂಟಾಗುತ್ತದೆ. ಹೊಲದ ಕೆಲಸ ನಿಲ್ಲುತ್ತದೆ. ಔಷಧೋಪಚಾರಕ್ಕೆ ಹಣ ಬೇಕಾಗುತ್ತದೆ. ಮೊದಲನೆಯ ನಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರವೇ ಮುಯ್ಯಾಳು. ಇಂದು ನಿಮ್ಮ ಹೊಲದಲ್ಲಿ ನಾವು ದುಡಿದರೆ ನಾಳೆ ನಮ್ಮ ಹೊಲದಲ್ಲಿ ನೀವು ದುಡಿಯಬೇಕು. ಆದರೆ ಎರಡನೆಯ ನಷ್ಟಕ್ಕೆ ನೆರೆಹೊರೆಯ ನೆರವು ಸಾಲದು. ಒಂದು ಶಸ್ತ್ರಚಿಕಿತ್ಸೆಗಾಗಿ ಎತ್ತುಗಳನ್ನೋ ಹೊಲವನ್ನೋ ಮಾರಿದ ಕುಟುಂಬವು ಗುಣಮುಖವಾದ ಮೇಲೂ ಬಡತನದಿಂದ ಮೇಲೇಳುವುದು ಕಷ್ಟ. ನೆರವಿನ ಈ ಮಿತಿಗೆ ಕಾರಣವೇನು? ಗಣಿತವು ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ.

ಮೊದಲು ಭೌತಶಾಸ್ತ್ರದ ಒಂದು ನಿದರ್ಶನವನ್ನು ನೋಡೋಣ. ನಮ್ಮ ಸುತ್ತಲಿನ ಗಾಳಿಯ ಒಂದೊಂದು ಅಣುವೂ ಮನಬಂದಂತೆ ಚಲಿಸುತ್ತದೆ. ಒಂದು ಅಣು ಮುಂದಿನ ಕ್ಷಣದಲ್ಲಿ ಎಲ್ಲಿರುವುದೆಂದು ಹೇಳಲಾಗದು. ಆದರೂ ಕೊಠಡಿಯೊಳಗಿನ ಗಾಳಿಯ ಒತ್ತಡ ಕ್ಷಣಕ್ಷಣಕ್ಕೂ ಏರಿಳಿಯುವುದಿಲ್ಲ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಕೋಟಿ ಕೋಟಿ ಅಣುಗಳಿರುವುದರಿಂದ ಒಂದರ ಚಾಂಚಲ್ಯವನ್ನು ಮತ್ತೊಂದು ಸರಿದೂಗಿಸುತ್ತದೆ. ಸಂಖ್ಯೆ ಹೆಚ್ಚಿದಂತೆ ಸರಾಸರಿ ಸ್ಥಿರವಾಗುವ ಈ ತತ್ತ್ವಕ್ಕೆ ಬೃಹತ್ ಸಂಖ್ಯೆಗಳ ನಿಯಮವೆಂದು ಹೆಸರು. ಸ್ವಿಟ್ಜರ್‌ಲೆಂಡಿನ ಯಾಕೋಬ್ ಬರ್ನೂಲಿ ಇದನ್ನು ಗಣಿತರೀತ್ಯಾ ಸಾಧಿಸಿದನು. ಅವನ ಮರಣಾನಂತರ 1713ರಲ್ಲಿ ಆ ಗ್ರಂಥವು ಪ್ರಕಟವಾಯಿತು.

ಈಗ ಇದನ್ನು ರೋಗದ ವೆಚ್ಚಕ್ಕೆ ಅನ್ವಯಿಸೋಣ. ವರ್ಷಕ್ಕೆ ನೂರರಲ್ಲಿ ಒಂದು ಕುಟುಂಬಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದೆಂದೂ ಅದರ ವೆಚ್ಚ 1,00,000 ರೂಪಾಯಿಯೆಂದೂ ಭಾವಿಸೋಣ. 100 ಕುಟುಂಬಗಳು ತಲಾ 1,000 ರೂಪಾಯಿ ಕೂಡಿಸಿದರೆ ಒಂದು ಚಿಕಿತ್ಸೆಗೆ ಹಣವಾಯಿತು. ಆದರೆ ಲೆಕ್ಕ ಹಾಕಿದರೆ, ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಇಬ್ಬರಿಗೋ ಹೆಚ್ಚು ಮಂದಿಗೋ ಚಿಕಿತ್ಸೆ ಬೇಕಾಗುತ್ತದೆ. ಆಗ ನಿಧಿ ಬರಿದಾಗುತ್ತದೆ. ಅಂತಹ ವರ್ಷಗಳಿಗೂ ಬಹುಮಟ್ಟಿಗೆ ಸಾಲುವಂತಿರಬೇಕಾದರೆ ತಲಾ 3,000 ರೂಪಾಯಿ ಬೇಕು. ಸದಸ್ಯರು 10,000 ಕುಟುಂಬಗಳಾದರೆ ಸರಾಸರಿ 100 ಚಿಕಿತ್ಸೆಗಳು. ಏರಿಳಿತವು ಇದರ ವರ್ಗಮೂಲದಷ್ಟು, ಎಂದರೆ ಸುಮಾರು 10. ಇದರ ಎರಡರಷ್ಟನ್ನು ಎದುರಿಸಲು ತಲಾ 1,200 ರೂಪಾಯಿ ಸಾಕು. ಹತ್ತು ಲಕ್ಷ ಕುಟುಂಬಗಳಾದರೆ 1,020 ರೂಪಾಯಿ ಸಾಕು. ರೋಗ ಕಡಿಮೆಯಾಗಲಿಲ್ಲ, ಅನಿಶ್ಚಿತತೆಯ ಬೆಲೆ ಮಾತ್ರ ಕಡಿಮೆಯಾಯಿತು.

ಹೀಗೆ ಕೂಡುವುದಕ್ಕೆ ಪರಸ್ಪರ ನಂಬಿಕೆಯ ಸಂಸ್ಥೆಗಳು ಬೇಕು. ಕೊಪ್ಪಳಕ್ಕೆ ನೆರೆಯದಾದ ಗದಗಿನ ಬಳಿ, ಕಣಗಿನಹಾಳದಲ್ಲಿ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಭಾರತದ ಸಹಕಾರ ಚಳವಳಿಯ ಮೊದಲ ಮೆಟ್ಟಿಲೆಂದು ಅದನ್ನು ಸ್ಮರಿಸಲಾಗುತ್ತದೆ. ಸುಮಾರು ನೂರು ವರ್ಷಗಳ ಬಳಿಕ ಇಂತಹ ಸಂಘಗಳ ಮೂಲಕವೇ ಕರ್ನಾಟಕದಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದಿತು. 2003ರಲ್ಲಿ ಅದರ ಸೇವೆ ಆರಂಭವಾದಾಗ ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಮಂದಿ ಸೇರಿದರು. ಇಷ್ಟು ಅಲ್ಪ ವಂತಿಗೆ ಸಾಧ್ಯವಾದುದಕ್ಕೆ ಸದಸ್ಯರ ಸಂಖ್ಯೆಯ ಜೊತೆಗೆ ಆಸ್ಪತ್ರೆಗಳೊಡನೆ ಮೊದಲೇ ಗೊತ್ತುಮಾಡಿದ ದರಗಳೂ ಸರ್ಕಾರದ ಸಹಾಯವೂ ಕಾರಣ. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನವಾದ ಇದನ್ನು 2022-23ರಲ್ಲಿ ಮತ್ತೆ ಆರಂಭಿಸಲಾಯಿತು.

ಈ ನಿಯಮಕ್ಕೆ ಎರಡು ಕಟ್ಟುಪಾಡುಗಳಿವೆಯೆಂಬುದನ್ನು ಮರೆಯಬಾರದು. ಒಬ್ಬರ ರೋಗಕ್ಕೂ ಇನ್ನೊಬ್ಬರ ರೋಗಕ್ಕೂ ಸಂಬಂಧವಿರಬಾರದೆಂಬುದು ಮೊದಲನೆಯದು. 1918ರ ಇನ್‌ಫ್ಲುಯೆಂಜಾ, 2020-21ರ ಕೋವಿಡ್ ಮುಂತಾದ ಪಿಡುಗುಗಳಲ್ಲಿ ಎಲ್ಲರೂ ಒಮ್ಮೆಗೇ ಕಷ್ಟಕ್ಕೀಡಾಗುವುದರಿಂದ ಒಬ್ಬರನ್ನೊಬ್ಬರು ಸರಿದೂಗಿಸಲಾರರು. ಬರಗಾಲದಲ್ಲಿಯೂ ಅಷ್ಟೇ, ಊರಿನ ಹೊಲಗಳೆಲ್ಲ ಒಟ್ಟಿಗೇ ಒಣಗಿದಾಗ ನೆರೆಯವನ ಕಣಜವೂ ಬರಿದು. ಅಂತಹ ಹೊತ್ತಿಗೆ ಒಳ್ಳೆಯ ವರ್ಷಗಳ ಉಳಿತಾಯವೂ ದೂರದ ನಾಡಿನ ನೆರವೂ ಬೇಕು. ಎರಡನೆಯದಾಗಿ, ಆರೋಗ್ಯವಂತರೂ ಸೇರಬೇಕು. ರೋಗಿಗಳಷ್ಟೇ ಸೇರಿದರೆ ವಂತಿಗೆ ಏರುತ್ತದೆ. ಏರಿದಂತೆ ಉಳಿದ ಆರೋಗ್ಯವಂತರೂ ಬಿಟ್ಟುಹೋಗುತ್ತಾರೆ. ಕಡೆಗೆ ನಿಧಿಯೇ ಮುರಿದುಬೀಳುತ್ತದೆ. ಆದುದರಿಂದ ಚಿಕಿತ್ಸೆಯ ಅಗತ್ಯವೇ ಬೀಳದವನು ಕೊಟ್ಟ ಹಣ ವ್ಯರ್ಥವಾಯಿತೆಂದು ತಿಳಿಯುವುದು ತಪ್ಪು. ಅವನು ಕೊಟ್ಟುದರಿಂದಲೇ ಇನ್ನೊಬ್ಬನ ಹೊಲ ಉಳಿಯಿತು.

ಹಾಗೆಂದು ಮುಯ್ಯಾಳಿನ ಕಾಲ ಮುಗಿಯಿತೆನ್ನಲಾಗದು. ಆಸ್ಪತ್ರೆಯ ಲೆಕ್ಕವನ್ನು ನಿಧಿ ತೀರಿಸಬಹುದು. ಎಡೆ ಹೊಡೆಯಲು, ಮಕ್ಕಳಿಗೆ ರೊಟ್ಟಿ ಬಡಿದುಕೊಡಲು, ರೋಗಿಯ ಬಳಿ ರಾತ್ರಿ ಕೂರಲು ನೆರೆಯವರೇ ಬೇಕು.

ವಿದ್ಯಾರ್ಥಿಗಳು ಈ ನಿಯಮವನ್ನು ತಾವೇ ಪರೀಕ್ಷಿಸಬಹುದು. ಜೋಳದ 99 ಕಾಳುಗಳೊಡನೆ ಬಣ್ಣ ಹಚ್ಚಿದ ಒಂದು ಕಾಳನ್ನು ಡಬ್ಬಿಯಲ್ಲಿ ಹಾಕಿರಿ. ಕಣ್ಣುಮುಚ್ಚಿ ಒಂದು ಕಾಳನ್ನು ತೆಗೆದು, ನೋಡಿ, ಮರಳಿ ಹಾಕಿ ಕಲಕಿರಿ. ಹೀಗೆ 100 ಬಾರಿ ಮಾಡಿದರೆ 100 ಕುಟುಂಬಗಳ ಒಂದು ವರ್ಷವಾಯಿತು. ಬಣ್ಣದ ಕಾಳು ಎಷ್ಟು ಬಾರಿ ಬಂದಿತೆಂದು ಬರೆದಿಡಿರಿ. ತರಗತಿಯ 40 ಮಂದಿಯೂ ಇದನ್ನು ಮಾಡಿ, ಒಬ್ಬೊಬ್ಬರ ಫಲವನ್ನು ಒಟ್ಟು ಸರಾಸರಿಯೊಡನೆ ಹೋಲಿಸಿದರೆ, ಕೂಡಿ ಬಾಳುವುದರ ಬಲವೆಷ್ಟೆಂಬುದು ಅಂಕಿಗಳಲ್ಲಿಯೇ ಕಾಣುವುದು.